ಅರಿಶಿನ ಹಚ್ಚಿದ ನಡುವಿನಂಗಿ

ಆ ಚಳಿಗಾಲ ಅಕ್ಕನಿಗಿದ್ದದ್ದು ಒಂದೇ ಆಸೆ. ಇನ್ನೊಂದು ಸಲ ಹಿಮದ ಮೇಲೆ ಹತ್ತಿಕೊಂಡು ಬೆಟ್ಟದ ಹೆಗಲಿನ ತನಕ ಹೋಗಬೇಕು, ಅಲ್ಲಿ ನಿಂತು ಒಂದು ಕಡೆ ಮರುಭೂಮಿಯನ್ನೂ ಇನ್ನೊಂದು ಕಡೆ ಊರನ್ನೂ ನೋಡಬೇಕು, ಇಳಿದು ಬರಬೇಕು. ಅದಕ್ಕೆ ಅಡ್ಡವಾಗಿರುವುದು ಒಂದು ಅಂಗಿ ಎಂದು ನಾನು ನಂಬಿದ್ದೆ. ಸರಿಯಾದ ಅಂಗಿಯೊಂದು ಸಿಕ್ಕಿಬಿಟ್ಟರೆ ಅಕ್ಕ ಹತ್ತುತ್ತಾಳೆ, ಅಷ್ಟೇ. ಆ ಅಂಗಿಯನ್ನು ಆರಿಸುವುದರಲ್ಲೇ ನಾವಿಬ್ಬರೂ ಆ ವರ್ಷದ ಡಿಸೆಂಬರನ್ನೂ ಜನವರಿಯನ್ನೂ ಕಳೆದೆವು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ವಿಜಯಪುರದ ಕಡೆಯವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು. ಲಾಸ್ ಏಂಜಲೀಸಿನ ಪೂರ್ವಕ್ಕೆ, ವೆಸ್ಟ್ ಕೊವಿನಾದಲ್ಲಿ ಅವಳ ಮನೆ. ನಾನು ಬೆಂಗಳೂರಿನವಳು, ಗಂಡ ಮತ್ತು ಅತ್ತೆಯ ಜೊತೆ ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊದಲ್ಲಿದ್ದೇನೆ. ಕನ್ನಡ ಕೂಟದ ಒಂದು ಯುಗಾದಿ ಊಟದಲ್ಲಿ ಪಕ್ಕದ ಎಲೆಗೆ ಕೂತವಳು, ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ಬಡಿಸುವವರ ಜೊತೆ ನಾನು ಜಗಳ ತೆಗೆದದ್ದನ್ನು ನೋಡಿ ಮೆಚ್ಚಿಕೊಂಡಳಂತೆ. ಮೊದಮೊದಲು ನಾನು ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. "ನೀವು ಅಂದ್ರ ನಾನs ನಿನ್ನ ಅತ್ತಿ ಆದಂಗ ಅನಸ್ತದ. ನೀ ಅನ್ನು" ಎಂದು ಗದರಿಸಿದಳು. ಅಂದಿನಿಂದ ಅವಳು ಅಕ್ಕ, ಅವಳ ಗಂಡ ಭಾವ.

ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡು. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮೇಲೆ ಮನುಷ್ಯರ ಸ್ವಭಾವ ಕೆಟ್ಟುಹೋಗುತ್ತದೆ. ಮದುವೆಮನೆಗೆ ಹೋದರೆ ಚಪ್ಪರ ಯಾವ ಕಡೆಗೆ ವಾಲಿದೆ ಎಂದು ನೋಡುತ್ತೇನೆ. ಗಂಡ ಕಾಫಿ ಮಾಡಿಕೊಟ್ಟರೆ ಸುಮ್ಮನೆ ಕುಡಿಯುವುದಿಲ್ಲ. ಇಂಥವಳ ಜೊತೆ ಹೇಗೆ ಏಗುತ್ತೀರೋ ಎಂದು ಜನ ನನ್ನ ಗಂಡನನ್ನು ಕೇಳುತ್ತಾರೆ. ಅಕ್ಕನನ್ನು ಯಾರೂ ಕೇಳಲಿಲ್ಲ, ಏಕೆಂದರೆ ಅವಳು ಏಗುತ್ತಿರಲಿಲ್ಲ, ನಗುತ್ತಿದ್ದಳು.

ನಮ್ಮ ಹಿಮದ ಹುಚ್ಚು ಶುರುವಾದದ್ದು 2020ರ ಚಳಿಗಾಲದಲ್ಲಿ, ಸೋಂಕಿನ ಕಾಲ. ಮಕ್ಕಳು ಚಿಕ್ಕವರಿದ್ದಾಗ ಅವರನ್ನು ಸ್ಕೀ ಕಲಿಸಲು ಕರೆದುಕೊಂಡು ಹೋಗಿ, ಕಾಯುತ್ತ ಕೂತು ಬೇಸರ ಬಂದು, ಅಕ್ಕ ತಾನೂ ಕಲಿತಿದ್ದಳು. ನನಗೂ ಕಲಿಸಿದ್ದಳು, ಸುಮಾರಾಗಿ. ಆ ವರ್ಷ ಎಲ್ಲ ಕಡೆ ಬಾಗಿಲು ಹಾಕಿಕೊಂಡು ಕೂತಿದ್ದರು. ಬೆಟ್ಟದ ತುದಿಗೆ ಕೂರಿಸಿಕೊಂಡು ಹೋಗುವ ಲಿಫ್ಟಿಗೂ ನಿರ್ಬಂಧ. ಅಕ್ಕ ಫೋನಿನಲ್ಲಿ ಅಂದಳು, "ಲಿಫ್ಟ್ ಬಂದ್ ಆದ್ರ ಆಗ್ಲಿ, ನಮ್ಮ ಕಾಲೇನು ಬಂದ್ ಆಗ್ಯಾವೇನು?"

ಸ್ಕೀ ಕಾಲಿಗೆ ಕಟ್ಟಿಕೊಂಡೇ ಬೆಟ್ಟ ಹತ್ತುವ ವಿಧಾನವೊಂದಿದೆ. ಸ್ಕೀಯ ಅಡಿಗೆ ಉದ್ದನೆಯ, ಒರಟು ಕೂದಲಿನ ಪಟ್ಟಿ ಅಂಟಿಸುತ್ತಾರೆ. ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಾಗೆ ಒಂದೊಂದೇ ಹೆಜ್ಜೆ ತಳ್ಳುತ್ತ ಗಂಟೆಗಟ್ಟಲೆ ಹತ್ತಿ, ಮೇಲೆ ಪಟ್ಟಿ ಕಿತ್ತು ಚೀಲಕ್ಕೆ ಹಾಕಿ, ಕೆಲವೇ ನಿಮಿಷಗಳಲ್ಲಿ ಜಾರಿ ಇಳಿಯುವುದು. ಇಷ್ಟು ಕಷ್ಟಪಟ್ಟು ಅಷ್ಟು ಸುಖವೇ ಎಂದು ನನ್ನ ಗಂಡ ಕೇಳಿದ್ದ. ಅವನು ಕೇಳಿದ್ದು ಸರಿಯಾಗಿಯೇ ಇತ್ತು, ಆದರೂ ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದೆ.

ಅಕ್ಕನ ಮನೆಯ ಅಡುಗೆಮನೆ ಕಿಟಕಿಯಿಂದ ಮೌಂಟ್ ಬಾಲ್ಡಿ ಕಾಣುತ್ತದೆ. ಅವಳು ಅದನ್ನು ಬೋಳಗುಡ್ಡ ಎನ್ನುತ್ತಿದ್ದಳು. ಅದರ ಕಡಿದಾದ ಮುಖ ಅಪಾಯದ್ದು; ನಾವು ಆ ಕಡೆ ಹೋದವರಲ್ಲ. ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ, ಒಂದು ಅಗಲವಾದ ಹಳೆಯ ಗಾಡಿದಾರಿಯಲ್ಲಿ ಹತ್ತಿ, ಬೆಟ್ಟದ ಹೆಗಲಿನಂಥ ಒಂದು ಬಯಲು ಜಾಗ ಮುಟ್ಟಿ ಬರುತ್ತಿದ್ದೆವು. ಆ ಕೆಟ್ಟ ವರ್ಷದಲ್ಲಿ ನನ್ನನ್ನು ಮನುಷ್ಯಳಾಗಿ ಉಳಿಸಿದ್ದು ಆ ದಾರಿ. ಇದನ್ನು ಅಕ್ಕನಿಗೆ ನಾನು ಯಾವತ್ತೂ ಹೇಳಲಿಲ್ಲ, ಹೇಳಿದ್ದರೆ ಒಂದು ತಿಂಗಳು ಆಡಿಕೊಳ್ಳುತ್ತಿದ್ದಳು.

ಅವಳು ಕಲಿಸಿದ ಪಾಠಗಳಲ್ಲಿ ನನಗೆ ಎಷ್ಟು ಹೇಳಿದರೂ ಒಗ್ಗದೆ ಉಳಿದದ್ದು ಒಂದೇ. "ಹೊಂಡೂ ಮುಂದ ಚಳಿ ಆಗ್ತಿರಬೇಕು. ಆರಾಮ ಅನಿಸ್ತಂದ್ರ ಮೈಮ್ಯಾಲ ಒಂದು ಹೆಚ್ಚಿಗಿ ಅದ ಅಂತ ತಿಳಕೊ." ಡಿಸೆಂಬರಿನಲ್ಲಿ ಹಾಲು ತರಲು ಬೀದಿಯ ತುದಿಗೆ ಹೋಗುವುದಕ್ಕೂ ಸ್ವೆಟರು, ಮಂಕಿ ಕ್ಯಾಪು ಹಾಕಿಸಿ ಕಳಿಸಿದ ತಾಯಿಯ ಮಗಳು ನಾನು. ಕಿವಿಗೆ ಗಾಳಿ ಹೊಕ್ಕರೆ ಮನುಷ್ಯ ಮುಗಿದ ಎಂದು ನಂಬಿಕೊಂಡು ಬೆಳೆದವಳಿಗೆ, ಬೇಕೆಂದೇ ನಡುಗುತ್ತ ಹೊರಡು ಎಂದರೆ ಹೇಗೆ? ಆದರೆ ಹತ್ತುವಾಗ ಮೈ ಕಾಯುತ್ತದೆ. ಬೆವರು ಒಳಗಂಗಿಯಲ್ಲಿ ನಿಂತರೆ, ಮೇಲೆ ಹೋಗಿ ನಿಂತ ಕೂಡಲೇ ಅದೇ ತಣ್ಣೀರಾಗಿ ಎಲುಬಿನ ತನಕ ಇಳಿಯುತ್ತದೆ. ಆದ್ದರಿಂದ ಮೈಗೆ ಅಂಟಿದ ತೆಳು ಅಂಗಿ ಒಂದು, ಗಾಳಿ ಹಿಮ ತಡೆಯುವ ಹೊರಜಾಕೆಟ್ ಒಂದು, ಇವೆರಡರ ಮಧ್ಯೆ ಬಿಸಿಯನ್ನು ಹಿಡಿದುಕೊಳ್ಳುವ ಆದರೆ ಹಬೆಯನ್ನು ಹೊರಗೆ ಬಿಡುವ ಇನ್ನೊಂದು. ಅಂಗಡಿಯವರು ಮಿಡ್‌ಲೇಯರ್ ಅನ್ನುತ್ತಾರೆ. ಅಕ್ಕ ಅದಕ್ಕೆ ಇಟ್ಟ ಹೆಸರು ನಡುವಿನಂಗಿ.

ಮರುವರ್ಷ ಅಕ್ಕನಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆ ಕಾಯಿಲೆಯ ಹೆಸರನ್ನು ಅವಳು ಬಾಯಲ್ಲಿ ಆಡಲಿಲ್ಲ, ಯಾವಾಗಲೂ 'ಅದು' ಅನ್ನುತ್ತಿದ್ದಳು. ಊರಿನವರಿಗೆ, ಕೂಟದವರಿಗೆ ಯಾರಿಗೂ ತಿಳಿಸಲಿಲ್ಲ. ನಮ್ಮವರಲ್ಲಿ ಕಾಯಿಲೆಯನ್ನು ಬಚ್ಚಿಡುವುದೂ ಒಂದು ಮಡಿಯೇ. ಅಕ್ಕನಾದರೂ ಹಾಗಲ್ಲ ಅಂದುಕೊಂಡಿದ್ದೆ, ಅವಳೂ ಹಾಗೆಯೇ. ಆಪರೇಶನ್ ಆಯಿತು, ಕೂದಲು ಹೋಗಿ ಮತ್ತೆ ಬಂತು. ಆಮೇಲೆ ವರ್ಷಗಟ್ಟಲೆ ನುಂಗಬೇಕಾದ ಹಾರ್ಮೋನ್ ಮಾತ್ರೆ ಕೊಟ್ಟರು. ಆ ಮಾತ್ರೆಯಿಂದ ಅವಳಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಧಗಧಗ ಉರಿಯುವುದು, ಹಣೆ ಕತ್ತು ಎಲ್ಲ ನೀರಾಗುವುದು, ಅದಾದ ಮೇಲೆ ಹಲ್ಲು ಕಟಕಟ ಅನ್ನುವಷ್ಟು ಚಳಿ. ಅಡುಗೆಮನೆಯಲ್ಲಿ ನಿಂತವಳು ಫ್ರಿಜ್ ಬಾಗಿಲು ತೆಗೆದು ಅದರೊಳಗೆ ತಲೆ ಇಟ್ಟುಕೊಂಡು ನನ್ನ ಜೊತೆ ಮಾತಾಡಿದ್ದಿದೆ.

ಅದರ ಮುಂದಿನ ಚಳಿಗಾಲವೇ ನಾನು ಹೇಳುತ್ತಿರುವುದು. ಆ ವರ್ಷ ನಮ್ಮ ಕಡೆ ಎಂದೂ ಕಾಣದಷ್ಟು ಹಿಮ ಬಿತ್ತು. ವೆಸ್ಟ್ ಕೊವಿನಾದ ಅಂಗಡಿಸಾಲಿನ ಹಿಂದೆ ಬೋಳಗುಡ್ಡ ಸುಣ್ಣ ಬಳಿದ ಗೋಡೆಯಾಗಿ ಎದ್ದು ನಿಂತಿತ್ತು. ಅಕ್ಕ ಫೋನ್ ಮಾಡಿ, "ಒಮ್ಮೆ ಹೋಗಿ ಬರೂಣು" ಅಂದಳು. "ಈ ಮಾತ್ರೆ ಹೊಟ್ಟೆಯಲ್ಲಿಟ್ಟುಕೊಂಡಾ?" ಅಂದೆ. "ಅದಕ್ಕs ಛಲೋ ನಡುವಿನಂಗಿ ಬೇಕು. ಕುದ್ದಾಗ ಬಿಡಬೇಕು, ಆರಿದಾಗ ಹಿಡೀಬೇಕು. ಹಂಥಾದು ಹುಡುಕೂಣು."

ಕೇಳಲು ಸುಲಭ. ಹುಡುಕಿದರೆ ತಲೆ ಚಿಟ್ಟು ಹಿಡಿಯುತ್ತದೆ. ಅಂಗಡಿಯಲ್ಲಿ ಎಲ್ಲ ಜಾಕೆಟ್ಟಿನ ಮೇಲೂ ಉಸಿರಾಡುತ್ತದೆ ಎಂದು ಬರೆದಿರುತ್ತಾರೆ. ಅಕ್ಕ ಆ ಬರಹವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಬಟ್ಟೆಯನ್ನು ತುಟಿಗೆ ಒತ್ತಿಕೊಂಡು, ಒಲೆಗೆ ಊದುವಂತೆ ಉಫ್ ಎಂದು ಊದುವಳು. ಆ ಕಡೆ ನನ್ನ ಅಂಗೈ ಇಡಿಸುವಳು. "ಬಂತೇನು ಗಾಳಿ?" ಅಂಗಡಿಯ ಹುಡುಗಿ ಗಾಬರಿಯಿಂದ ನಮ್ಮನ್ನೇ ನೋಡುತ್ತಿದ್ದಳು. ಇದು ಸೋಂಕು ಇನ್ನೂ ಪೂರ್ತಿ ಮರೆಯಾಗದ ಕಾಲ. ಒಬ್ಬ ಹೆಂಗಸು ಮಾರಾಟದ ಬಟ್ಟೆಗಳಿಗೆಲ್ಲ ಬಾಯಿ ಹಚ್ಚಿ ಊದುತ್ತಿದ್ದರೆ ಯಾರಿಗಾದರೂ ಗಾಬರಿಯಾಗಬೇಕು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಹಾಕಿ ನೋಡುವ ಕೆಲಸ ಮಾತ್ರ ನನ್ನದು. ಅದಕ್ಕೆ ಅವಳು ಕೊಟ್ಟ ಕಾರಣ ನನ್ನಂಥ ಟೆಸ್ಟರ್ ಕೂಡ ತಲೆದೂಗುವಂಥದ್ದು. "ನಾ ಹಾಕ್ಕೊಂಡ್ರ ಮಾತ್ರಿ ಬಿಸಿ ಯಾವುದು, ಅಂಗಿ ಬಿಸಿ ಯಾವುದು ಹ್ಯಾಂಗ ತಿಳೀಬೇಕು? ನೀ ಹಾಕ್ಕೊ. ನಿನ್ನ ಮೈ ಸರಳ ಅದ." ಹೀಗಾಗಿ ರಾಂಚೊ ಬರ್ನಾರ್ಡೊದ ನಮ್ಮ ಮನೆಯ ಹಿಂದಿನ ಗುಡ್ಡದ ರಸ್ತೆಯೇ ಪ್ರಯೋಗಶಾಲೆಯಾಯಿತು. ಬೆನ್ನಿಗೆ ಅಕ್ಕಿಮೂಟೆ ಇಟ್ಟ ಚೀಲ, ಮೈಮೇಲೆ ಹೊಸ ಜಾಕೆಟ್, ಅದರ ಟ್ಯಾಗು ತೋಳಿನೊಳಗೆ ತುರುಕಿದ್ದು. ಬೆಳಗಿನ ಮಂಜಿನಲ್ಲಿ ನಾನು ಏದುಸಿರು ಬಿಡುತ್ತ ಹತ್ತುವುದು, ತುದಿಯಲ್ಲಿ ಗಾಳಿಗೆ ನಿಲ್ಲುವುದು. ವಾರದ ಕೊನೆಗೆ ನಮ್ಮಲ್ಲಿಗೆ ಬಂದು ಉಳಿಯುತ್ತಿದ್ದ ಅಕ್ಕ ಕಾರಿನಲ್ಲಿ ಹಿಂದೆಯೇ ಬಂದು ಇಳಿದು, ನನ್ನ ಬೆನ್ನಿನೊಳಗೆ ಕೈ ಹಾಕಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ ನೋಡುವಳು. ನಾಯಿ ಕರೆದುಕೊಂಡು ಹೋಗುವ ನೆರೆಯವರು ನಮಗೆ ಗುಡ್ ಮಾರ್ನಿಂಗ್ ಹೇಳುವುದನ್ನೇ ಬಿಟ್ಟರು.

ಮೊದಲು ತಂದದ್ದು ಪುಕ್ಕ ತುಂಬಿದ ದಪ್ಪನೆಯದು. ಸುಮ್ಮನೆ ಕೂತವರಿಗೆ ಸ್ವರ್ಗ. ಅರ್ಧ ಗುಡ್ಡಕ್ಕೇ ನಾನು ತೊಯ್ದು ಹೋಗಿದ್ದೆ. ವಾಪಸ್ ಕೊಟ್ಟೆವು. ಎರಡನೆಯದು ಬರೀ ಉಣ್ಣೆಯಂಥ ಬಟ್ಟೆಯದು. ಬೆವರು ಹಾಯುತ್ತಿತ್ತು, ಅದರ ಹಿಂದೆಯೇ ಗಾಳಿಯೂ ಹಾಯುತ್ತಿತ್ತು. ಅದನ್ನೂ ಕೊಟ್ಟೆವು. ಮೂರನೆಯದಕ್ಕೆ ಎದೆಯ ಮೇಲೆ ಗಾಳಿ ತಡೆಯುವ ನುಣುಪಾದ ಬಟ್ಟೆ ಹೊಲಿದಿದ್ದರು. ಅದರೊಳಗೆ ನಾನು ಇಡ್ಲಿಯ ಹಾಗೆ ಬೆಂದೆ. ವಾಪಸ್ ಕೊಡುವುದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ, ಆದರೂ ಮೂರನೆಯ ಸಲ ಕೌಂಟರಿನ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ. ಅಕ್ಕ ಮಾತ್ರ ರಾಜಗಾಂಭೀರ್ಯದಿಂದ ನಿಂತಿದ್ದಳು.

ಇದರ ಮಧ್ಯೆ ನಮ್ಮ ಮನೆಯಲ್ಲಿ ಒಂದು ಪ್ರಸಂಗ ನಡೆಯಿತು. ನಮ್ಮ ಬೀದಿಯಲ್ಲಿದ್ದ ಕನ್ನಡದ ಅಂಕಲ್ ಒಬ್ಬರು ತೀರಿಕೊಂಡಿದ್ದರು. ಅವರ ಹೆಂಡತಿ, ಆಂಟಿ, ಅವರ ಒಳ್ಳೆಯ ಜಾಕೆಟ್ಟೊಂದನ್ನು ನನ್ನ ಗಂಡನಿಗೆ ಇರಲಿ ಎಂದು ತಂದುಕೊಟ್ಟು ಹೋದರು. ಆಂಟಿ ಬಾಗಿಲು ದಾಟಿದ ಕೂಡಲೇ ನಮ್ಮತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು ಗರಾಜಿಗೆ ಸಾಗಿಸಿದರು. "ಹೋದವರ ಮೈಮೇಲಿದ್ದಿದ್ದು ಮನೆಯೊಳಗೆ ಬೇಡಮ್ಮ. ಹಳೇ ಬಟ್ಟೆ ಹಾಕೋ ದಾನದ ಡಬ್ಬಿಗೆ ಹಾಕ್ಬಿಟ್ಟು ಬಾ." ನಾನು ರೇಗಿದೆ. ಅತ್ತೆ ಜಗ್ಗಲಿಲ್ಲ. ಅಂದು ಚಹಾಕ್ಕೆ ಬಂದು ಕೂತಿದ್ದ ಅಕ್ಕ ನಗುತ್ತ ಕೇಳಿದಳು, "ಅತ್ತಿಯವರs, ಹೋದವ್ರು ತಂದಿಟ್ಟು, ಒಮ್ಮೆನೂ ಮೈಗೆ ಹಾಕ್ಕೊಂಡಿರಲಿಲ್ಲಂದ್ರ?" ಅತ್ತೆ ಸ್ವಲ್ಪ ಯೋಚಿಸಿ, "ಮೈಗೆ ತಾಗದೇ ಇದ್ರೆ ಅದು ಹೊಸ ಬಟ್ಟೆನೇ ಅಲ್ವೇನಮ್ಮ, ಅದಕ್ಕೇನು ದೋಷ" ಅಂದರು. ಅಕ್ಕ ಕಪ್ಪಿನಲ್ಲಿ ಉಳಿದ ಚಹಾ ಕುಡಿದಳು. ನಾನು ಜಾಕೆಟ್ಟನ್ನು ಕಾರಿಗೆ ಹಾಕಿಕೊಳ್ಳುತ್ತ ಇನ್ನೂ ಗೊಣಗುತ್ತಿದ್ದೆ.

ನಾಲ್ಕನೆಯದು ಸಿಕ್ಕಿದ್ದು ಜನವರಿಯ ಕೊನೆಯಲ್ಲಿ, ಅಕ್ಕನ ಮನೆಯ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ. ಕಡುನೀಲಿ ಬಣ್ಣ. ಮುಟ್ಟಿದರೆ ಒಳಗೇನೂ ಇಲ್ಲವೇನೋ ಅನ್ನುವಷ್ಟು ತೆಳು. ಹೊರಬಟ್ಟೆಯೂ ಒಳಬಟ್ಟೆಯೂ ಸಡಿಲ ನೇಯ್ಗೆ, ಮಧ್ಯೆ ಗುಂಗುರು ಗುಂಗುರಾದ ತೆಳ್ಳನೆಯ ಎಳೆಗಳನ್ನು ತುಂಬಿದ್ದರು. ಅಕ್ಕ ಊದಿದಳು. ಅವಳ ಉಸಿರು ಬೆಚ್ಚಗೆ, ನಿಧಾನಕ್ಕೆ, ಸೋಸಿದ ಹಾಗೆ ನನ್ನ ಅಂಗೈಗೆ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಇದು ನಿನಗೆ ದೊಡ್ಡದಾಗತ್ತೆ ಅಕ್ಕಾ, ತೋಳು ನೋಡು" ಅಂದೆ. ನಾನು ಉದ್ದ, ಅವಳು ಗಿಡ್ಡ. ಒಂದು ಅಳತೆ ಕಡಿಮೆಯದು ಪಕ್ಕದಲ್ಲೇ ನೇತಾಡುತ್ತಿತ್ತು. "ಉದ್ದ ಇದ್ರ ಮಡಚಬಹುದು. ಗಿಡ್ಡ ಇದ್ರ ಏನ್ ಮಾಡ್ತಿ?" ಅಂದಳು. ಬೆಳೆಯುವ ಮಕ್ಕಳಿಗೆ ದೊಡ್ಡ ಅಳತೆಯ ಸಮವಸ್ತ್ರ ಹೊಲಿಸುವವರು ಆಡುವ ಮಾತು ಇದು. ಐವತ್ತೈದರ ಹತ್ತಿರ ಬಂದವಳು ಇನ್ನೆಷ್ಟು ಬೆಳೆಯುತ್ತಾಳೆ ಎಂದು ನಾನು ಹಂಗಿಸಿದೆ. ಅವಳು ನಕ್ಕು ಕೌಂಟರಿಗೆ ನಡೆದಳು.

ಮನೆಗೆ ಬಂದು ಅವಳು ಮಾಡಿದ ಮೊದಲ ಕೆಲಸ ದೇವರ ಮುಂದಿನ ಬಟ್ಟಲಿಗೆ ಬೆರಳದ್ದಿ, ಜಾಕೆಟ್ಟಿನ ಒಳಅಂಚಿಗೆ ಅರಿಶಿನ ಹಚ್ಚಿದ್ದು. ನಮ್ಮಲ್ಲಿ ಹೊಸ ಬಟ್ಟೆಯನ್ನು ಹಾಗೇ ತೊಡುವುದಿಲ್ಲ, ಮೂಲೆಗೆ ಅರಿಶಿನ ಮುಟ್ಟಿಸಿ ತೊಡುತ್ತೇವೆ. ನಾನು ಕಿರುಚಿಯೇಬಿಟ್ಟೆ.

"ಅಕ್ಕಾ, ಏನ್ ಮಾಡ್ಬಿಟ್ಟೆ! ಇನ್ನೂ ಟೆಸ್ಟೇ ಮಾಡಿಲ್ಲ. ಈ ಕಲೆ ನೋಡಿ ಯಾರು ವಾಪಸ್ ತಗೋತಾರೆ?"

"ಯಾಕ ವಾಪಸ್ ಕೊಡೂದು? ಇದು ಛಲೋ ಅದ. ಹಾಕ್ಕೊ ಬಾ."

ಹಾಕಿಕೊಂಡೆ. ಭುಜ, ತೋಳು, ಸೊಂಟ ಎಲ್ಲ ಅಳೆದು ಹೊಲಿದ ಹಾಗೆ ಕೂತಿತು. ಅಕ್ಕ ಸುತ್ತಲೂ ತಿರುಗಿ ನೋಡಿದಳು. "ಹೊಸಾದು ಹಾಕ್ಕೊಂಡು ಹಂಗs ನಿಂತೀಯಲ್ಲ, ನಮಸ್ಕಾರ ಮಾಡು" ಅಂದಳು. "ಬಟ್ಟೆ ನಿಂದು, ನಮಸ್ಕಾರ ನಂದಾ?" ಎಂದೆ. "ಮೈ ನಿಂದು ಅದಲ್ಲ." ಆಟಕ್ಕೆಂದು ದೇವರಿಗೆ ಕೈಮುಗಿದು, ಬಗ್ಗಿ ಅವಳ ಕಾಲು ಮುಟ್ಟಿದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಸ್ವಲ್ಪ ಹೆಚ್ಚು ಹೊತ್ತೇ ಇಟ್ಟಳು. ಸೊಂಟ ಹಿಡಿದುಕೊಳ್ಳುತ್ತಿದೆ, ಬೇಗ ಮುಗಿಸು ಎಂದು ನಾನು ಗೊಣಗಿದೆ.

ಗುಡ್ಡದ ಪರೀಕ್ಷೆಯಲ್ಲಿ ಆ ಅಂಗಿ ಪಾಸಾಯಿತು. ಹತ್ತುವಾಗ ಹಬೆ ಹೊರಗೆ ಹೋಯಿತು, ನಿಂತಾಗ ಬಿಸಿ ಉಳಿಯಿತು, ಬೆನ್ನು ಒಣಗಿಯೇ ಇತ್ತು. ಅಕ್ಕ ಕೈಯನ್ನು ಹೊರಗೆ ತೆಗೆದು, "ಆತು. ಇನ್ನೇನು ಚಿಂತಿಲ್ಲ" ಅಂದಳು. ಅಂಗಿಯನ್ನು ಮಡಚಿ, ಟ್ಯಾಗು ಸಮೇತ ಅಂಗಡಿಯ ಚೀಲದೊಳಗೆ ಇಟ್ಟುಕೊಂಡು ಹೋದಳು.

ಫೆಬ್ರವರಿಯ ಒಂದು ಶನಿವಾರ ಹೊರಟೆವು. ಭಾವ ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದವರು ಹೇಳದೆ ಒಳಗೆ ಹೋದರು. ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ ಪಟ್ಟಿ ಅಂಟಿಸಿಕೊಂಡೆವು. ಅಕ್ಕನ ಮೈಮೇಲೆ ನೋಡಿದರೆ ಮೊಣಕೈ ಸವೆದುಹೋದ ಹಳೆಯ ಬೂದು ಅಂಗಿ. "ಹೊಸದೆಲ್ಲಿ?" ಅಂದೆ. "ಚೀಲದಾಗ ಅದ. ಹೊಂಡೂ ಮುಂದ ಚಳಿ ಆಗ್ತಿರಬೇಕು, ಮರತಿಯೇನು?" ತಾನು ಕಲಿಸಿದ ಪಾಠವನ್ನು ನನಗೇ ಒಪ್ಪಿಸಿದಳು.

ನಿಧಾನಕ್ಕೆ ಹತ್ತಿದೆವು. ಮೊದಲು ನನ್ನ ಮುಂದೆ ಹೋಗುತ್ತಿದ್ದವಳು ಆ ದಿನ ಹಿಂದೆ ಉಳಿಯುತ್ತಿದ್ದಳು. ಕಾಲಿಟ್ಟಾಗಲೆಲ್ಲ ಅವಳ ಮುಖ ಬಿಗಿಯುವುದು ಕಂಡಿತು. ಬೂಟು ಕಚ್ಚುತ್ತಿರಬೇಕು ಅಂದುಕೊಂಡೆ. ಸ್ವಲ್ಪ ದೂರದಲ್ಲೇ ಅವಳಿಗೆ ಆ ಉರಿ ಬಂತು. ಜಿಪ್ಪುಗಳನ್ನೆಲ್ಲ ತೆಗೆದಳು, ಟೋಪಿ ತೆಗೆದಳು. ಚಿಕ್ಕಚಿಕ್ಕದಾಗಿ ಬೆಳೆದ ಕೂದಲಿನ ಮೇಲಿಂದ ಹಬೆ ಏಳುತ್ತಿತ್ತು. ಆಮೇಲೆ ಗಾಳಿ ಬೀಸಿತು. ಹಿಮದ ಭಾರಕ್ಕೆ ಅರ್ಧ ಬಗ್ಗಿದ ಒಂದು ಪೈನ್ ಮರದ ಕೆಳಗೆ ಅವಳು ನಿಂತುಬಿಟ್ಟಳು. ತುಟಿ ಕಪ್ಪಿಟ್ಟಿತ್ತು. ಬೂದು ಅಂಗಿ ತೊಯ್ದು ಮೈಗೆ ಅಂಟಿತ್ತು. ಹಲ್ಲುಗಳ ಸದ್ದು ನನಗೆ ಕೇಳುತ್ತಿತ್ತು.

"ಹೊಸದು ಹಾಕ್ಕೋ ಅಕ್ಕಾ."

"ಬ್ಯಾಡ. ಮೈಯೆಲ್ಲಾ ಬೆವರ ಅದ. ಹೊಲಸ ಆಗ್ತದ."

"ಹೊಲಸಾದ್ರೆ ಒಗೆಯೋಕೆ ಬರತ್ತೆ. ಹಾಕ್ಕೋ ಅಂದ್ನಲ್ಲ!"

"ಬ್ಯಾಡಂದ್ರ ಬ್ಯಾಡವಾ."

ನಾನೇ ಅವಳ ಚೀಲಕ್ಕೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಷ್ಟು ನಡುಗುವವಳಿಗೆ ಆ ಹಿಡಿತ ಎಲ್ಲಿಂದ ಬಂತೋ. ನನಗೆ ಸಿಟ್ಟು ತಲೆಗೇರಿತು. ಎರಡು ತಿಂಗಳು ಅಂಗಡಿ ಅಂಗಡಿ ತಿರುಗಿದ್ದು, ಅಕ್ಕಿಮೂಟೆ ಹೊತ್ತದ್ದು, ನೆರೆಯವರ ಮುಂದೆ ಮಾನ ಕಳೆದುಕೊಂಡದ್ದು ಯಾತಕ್ಕೆ, ಬೀರುವಿನಲ್ಲಿಟ್ಟು ಪೂಜೆ ಮಾಡುವುದಕ್ಕೇ ಎಂದು ಆ ಹಿಮದ ನಡುವೆ ಕೂಗಾಡಿದೆ. ಅವಳು ಮರಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದಳು. "ಕೂಗು. ಅಷ್ಟರ ಮೈ ಬೆಚ್ಚಗಾಗ್ತದ ನಿಂದು" ಅಂದಳು. ನನ್ನ ಹೊರಜಾಕೆಟ್ ಕಳಚಿ ಅವಳ ಮೇಲೆ ಹಾಕಿ, ಅಲ್ಲಿಂದಲೇ ಹಿಂದಕ್ಕೆ ತಿರುಗಿದೆವು. ಹೆಗಲು ಅಲ್ಲಿಂದ ಕಾಣುತ್ತಿತ್ತು. ಅಕ್ಕ ಒಂದು ಸಲ ಅತ್ತ ನೋಡಿ ಪಟ್ಟಿ ಕೀಳತೊಡಗಿದಳು.

ಕಾರಿನಲ್ಲಿ ಹೀಟರ್ ಪೂರ್ತಿ ಹಾಕಿದರೂ ಅವಳ ನಡುಕ ನಿಲ್ಲಲಿಲ್ಲ. ಆ ನೀಲಿ ಅಂಗಿ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಾಕಿಕೊಳ್ಳಲಿಲ್ಲ.

ಏಪ್ರಿಲಿನಲ್ಲಿ ಭಾವ ಫೋನ್ ಮಾಡಿದರು. 'ಅದು' ಎಲುಬಿಗೆ ಇಳಿದಿತ್ತು. ಯಾವಾಗ ಗೊತ್ತಾಯಿತು ಎಂದೆ. "ನವೆಂಬರದಾಗ, ಥ್ಯಾಂಕ್ಸ್‌ಗಿವಿಂಗ್ ಮುಂದs ಡಾಕ್ಟರ್ ಹೇಳಿದ್ರು. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿದ್ಲು" ಅಂದರು. ಮೊದಲ ಅಂಗಿ ಕೊಳ್ಳುವ ಮುಂಚೆಯೇ ಅವಳಿಗೆ ಗೊತ್ತಿತ್ತು. ಹತ್ತುವಾಗ ಬೂಟು ಕಚ್ಚಿದ್ದಲ್ಲ.

ಆಮೇಲೆ ಪ್ರತಿ ಶನಿವಾರ ಹೋಗುತ್ತಿದ್ದೆ. ಅಡುಗೆಮನೆಗೆ ತಾಗಿದ ಕೋಣೆಯಲ್ಲಿ ಅವಳ ಮಂಚ ಹಾಕಿದ್ದರು. ಮುಂಬಾಗಿಲಿನ ಆಚೆ ವೆಸ್ಟ್ ಕೊವಿನಾದ ಸುಡು ಬಿಸಿಲು, ಒಳಗೆ ಅವಳ ಮೇಲೆ ಕಂಬಳಿಯ ಮೇಲೆ ಕಂಬಳಿ. ಕಿಟಕಿಯಲ್ಲಿ ಬೋಳಗುಡ್ಡದ ಹಿಮ ವಾರ ವಾರವೂ ಕರಗಿ, ಕಡೆಗೆ ಮಾಸಿದ ಗೆರೆಯಷ್ಟೇ ಉಳಿಯಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, "ಆವತ್ತು ಯಾಕೆ ಹಾಕ್ಕೊಳ್ಳಲಿಲ್ಲ ನೀನು?" ಅವಳು ಕಣ್ಣು ತೆರೆದು, "ಇನ್ನೂ ಸಿಟ್ಟು ಇಳದಿಲ್ಲೇನು ನಿಂದು?" ಅಂದು ನಕ್ಕಳು. ಕಂಬಳಿಯನ್ನು ಕತ್ತಿನ ತನಕ ಎಳೆದುಕೊಂಡಳು. ಜುಲೈನಲ್ಲಿ ಹೋದಳು.

ಹದಿಮೂರನೆಯ ದಿನದ ಊಟ ಮುಗಿದು ಹೊರಡುವಾಗ ಭಾವ ಒಳಗಿನಿಂದ ಅಂಗಡಿಯ ಆ ಚೀಲ ತಂದರು. ಕಣ್ಣು ಕೆಂಪಗಿತ್ತು. "ನಿಮ್ಮಕ್ಕ ಇದನ್ನ ನಿನಗ ಕೊಡು ಅಂದಾಳ. ಒಮ್ಮೆನೂ ತನ್ನ ಮೈಗೆ ಹಾಕ್ಕೊಂಡಿಲ್ಲ, ಹಂಗಂತ ನಿಮ್ಮ ಅತ್ತಿಯವ್ರಿಗೆ ಹೇಳು ಅಂತ ಎರಡೆರಡು ಸಲ ಹೇಳ್ಯಾಳ." ಹೆದ್ದಾರಿಯ ಮೇಲೆ ಕಾರು ಓಡಿಸಲು ಆಗದೆ, ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಲ್ಲಿಸಿಕೊಂಡು ಬಹಳ ಹೊತ್ತು ಕೂತಿದ್ದೆ.

ಮನೆಯಲ್ಲಿ ಅತ್ತೆ ಚೀಲ ಬಿಚ್ಚಿದರು. ಅಂಗಿಯನ್ನು ತಿರುವಿ ಮುರುವಿ ನೋಡಿದರು. ಟ್ಯಾಗು ಹಾಗೇ ಇತ್ತು. ಒಳಅಂಚಿನ ಹಳದಿ ಗುರುತಿನ ಮೇಲೆ ಬೆರಳಿಟ್ಟರು.

"ಅರಿಶಿನ ಯಾರು ಹಚ್ಚಿದ್ದು?"

"ಅಕ್ಕ."

"ಹಚ್ಚಿಬಿಟ್ಟು ಯಾರಿಗೆ ಹಾಕಿಸಿದ್ಳು?"

"ನಂಗೇ. ಅಳತೆ ನೋಡೋಕೆ."

"ನಮಸ್ಕಾರ ಮಾಡಿಸ್ಕೊಂಡ್ಳಾ?"

"ಹೂಂ."

ಅತ್ತೆ ಕುರ್ಚಿಯ ಮೇಲೆ ಕೂತುಬಿಟ್ಟರು. "ಅಯ್ಯೋ ಹುಚ್ಚಿ, ಆವತ್ತೇ ನಿಂಗೆ ಉಡುಗೊರೆ ಕೊಟ್ಟಾಗಿದೆ. ಅವಳ ಹತ್ರ ಬರೀ ಇಟ್ಟುಕೊಂಡಿದ್ಳು, ಅಷ್ಟೇ." ಎದ್ದು ಹೋಗಿ ಕತ್ತರಿ ತಂದು, ಟ್ಯಾಗನ್ನು ತಾವೇ ಕತ್ತರಿಸಿದರು. ತೋಳು ಹಿಡಿದು ನನಗೆ ಹಾಕಿಸಿದರು. ಜುಲೈ ತಿಂಗಳ ಸೆಕೆಯಲ್ಲಿ ನಾನು ಆ ಅಂಗಿ ತೊಟ್ಟು ಅತ್ತೆಯ ಮುಂದೆ ನಿಂತು ಅತ್ತುಬಿಟ್ಟೆ.

ಅಕ್ಕನ ಆ ಬೆಟ್ಟದ ಆಸೆ ಸುಳ್ಳಾಗಿರಲಿಲ್ಲ. ಹೆಗಲು ಮುಟ್ಟಬೇಕೆಂದೇ ಬಂದಿದ್ದಳು, ಮರದ ಕೆಳಗೆ ನಿಂತು ಅತ್ತ ನೋಡಿದ್ದನ್ನು ನಾನು ಕಂಡಿದ್ದೇನೆ. ಆದರೆ ಮೈ ಸೋತಾಗ ಬೆನ್ನ ಮೇಲಿನ ಚೀಲದಲ್ಲಿ ಬಿಸಿ ಇಟ್ಟುಕೊಂಡು ಚಳಿಯಲ್ಲಿ ನಡುಗಿದಳು. ಒಂದೇ ಒಂದು ಸಲ ತೊಟ್ಟಿದ್ದರೂ ಅದು ಹೋದವಳ ಬಟ್ಟೆಯಾಗಿ, ನಮ್ಮ ಮನೆಯ ಹೊಸ್ತಿಲಿನಿಂದ ದಾನದ ಡಬ್ಬಿಗೆ ಹೋಗುತ್ತಿತ್ತು. ಅದು ಹೊಸದಾಗಿಯೇ ಉಳಿಯಲಿ ಎಂದು ನಡುಗಿದಳು. ನಾನು ಅವಳ ಎದುರು ನಿಂತು ಕೂಗುತ್ತಿದ್ದೆ.

ಮರುವರ್ಷ ಹಿಮ ಬಿದ್ದಾಗ ಒಬ್ಬಳೇ ಹೋದೆ. ಕಾರಿನಿಂದ ಇಳಿದು, ಅವಳು ಹೇಳಿದಂತೆಯೇ ನಡುಗುತ್ತ ಹೊರಟೆ. ಮೈ ಸ್ವಲ್ಪ ಹದಕ್ಕೆ ಬಂದ ಮೇಲೆ ನೀಲಿ ಅಂಗಿ ತೊಟ್ಟೆ. ಬಗ್ಗಿದ ಪೈನ್ ಮರದ ತನಕ ಹತ್ತಿದೆ. ಅಲ್ಲಿಂದ ಮುಂದಕ್ಕೆ ಕಾಲು ಏಳಲಿಲ್ಲ. ಅದೇ ಜಾಗದಲ್ಲಿ, ಅದೇ ಗಾಳಿಗೆ ನಿಂತುಕೊಂಡೆ. ಎಲ್ಲಾದರೂ ಒಂದು ಕಡೆ ಬೆವರು ಕಟ್ಟಲಿ, ಎಲ್ಲಾದರೂ ಗಾಳಿ ನುಗ್ಗಲಿ, ಒಂದು ಹೊಲಿಗೆಯಾದರೂ ಚುಚ್ಚಲಿ ಎಂದು ಕಾದೆ. ಇಪ್ಪತ್ತು ವರ್ಷದಿಂದ ತಪ್ಪು ಹುಡುಕಿಯೇ ಬದುಕಿದವಳಿಗೆ ಆ ಅಂಗಿಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಬೆನ್ನಿಗೆ ಕೈ ಹಾಕಿ ನೋಡಿಕೊಂಡೆ. ಒಣಗಿತ್ತು, ಬೆಚ್ಚಗಿತ್ತು. ಅದನ್ನು ಹೇಳಲು ಅಲ್ಲಿ ಯಾರೂ ಇರಲಿಲ್ಲ.